ಮೊದಲು ಯಜ್ಞವೇದಿ

ಪ್ರಿಯರೇ, ಎಜ್ರನ ಪುಸ್ತಕ ಮೂರನೇ ಅಧ್ಯಾಯ ತೆಗೆಯಿರಿ. ಬಾಬೆಲಿನಿಂದ ಹಿಂದಿರುಗಿದ ಜನರ ಮುಂದೆ ಇದ್ದದ್ದು ದೊಡ್ಡ ಪ್ರಾಜೆಕ್ಟು. ಸುಟ್ಟುಹೋಗಿದ್ದ ದೇವಾಲಯವನ್ನ ಮತ್ತೆ ಕಟ್ಟಬೇಕು. ಕೋರೆಷ ರಾಜನ ಅಪ್ಪಣೆ ಇತ್ತು, ಕಾಣಿಕೆಗಳೂ ಬಂದಿದ್ದವು. ಆದರೆ ಅವರು ಮೊದಲು ಕಟ್ಟಿದ್ದು ಏನು? ಒಂದು ಯಜ್ಞವೇದಿ, ಅಷ್ಟೇ. ಸುತ್ತಲಿನ ಜನರ ಭಯ ಇತ್ತು. ಆ ಭಯದಲ್ಲೇ ಅದನ್ನ ಹಳೆಯ ಸ್ಥಳದಲ್ಲಿ ನಿಲ್ಲಿಸಿ, ಏಳನೇ ತಿಂಗಳ ಮೊದಲ ದಿನದಿಂದ ಸರ್ವಾಂಗಹೋಮ ಶುರು ಮಾಡಿದರು. ಆಲಯದ ಅಸ್ತಿವಾರ ಬಿದ್ದದ್ದು ಮುಂದಿನ ವರ್ಷ.

ಚಿಕ್ಕದರಿಂದ ಶುರು ಮಾಡಿ ಅಂತ ಆಫೀಸಲ್ಲೂ ಹೇಳ್ತಾರೆ, ಸ್ಟಾರ್ಟಪ್ ನಡೆಸೋರೂ ಹೇಳ್ತಾರೆ. ಯಾಕೆ? ಮುಂದೆ ದೊಡ್ಡದಾಗುತ್ತೆ ಅಂತ. ಸರಿ, ದೊಡ್ಡದಾಗದೇ ಹೋದ್ರೆ? ಆ ಚಿಕ್ಕ ಕೆಲಸ ವ್ಯರ್ಥಾನಾ?

ನೋಡಿ, ಅಸ್ತಿವಾರ ಹಾಕಿದ ಮೇಲೆ ವಿರೋಧ ಬಂತು, ಕೆಲಸ ನಿಂತೇ ಹೋಯ್ತು. ದಾರ್ಯಾವೆಷನ ಎರಡನೇ ವರ್ಷದವರೆಗೆ ಮುಂದುವರಿಯಲಿಲ್ಲ. ಆಲಯ ಮುಗಿಯುವ ಹೊತ್ತಿಗೆ ಸುಮಾರು 20 ವರ್ಷ ಕಳೆದಿತ್ತು. ಅಷ್ಟರಲ್ಲಿ ಎಷ್ಟು ಜನ ಹಿರಿಯರು ತೀರಿಕೊಂಡಿರಬೇಕು! ಅವರು ಆಲಯ ನೋಡಲಿಲ್ಲ. ಆದರೆ ಯಜ್ಞವೇದಿಯ ಮುಂದೆ ನಿಂತು ಆರಾಧಿಸಿದ್ದರು. ಅವರ ಪಾಲಿಗೆ ಅದು ಪೂರ್ತಿ ಆರಾಧನೆಯೇ.

ಆದ್ದರಿಂದ ಮೊದಲ ಹೆಜ್ಜೆ ಆರಿಸುವಾಗ, ಎರಡನೇ ಹೆಜ್ಜೆ ಬರದೇ ಹೋದರೂ ಯಾರಿಗಾದರೂ ಒಳ್ಳೆಯದಾಗುವಂಥದ್ದನ್ನ ಆರಿಸಿ. ಸ್ಲಂ ಮಕ್ಕಳಿಗೆ ಶಾಲೆ ಕಟ್ಟಬೇಕು ಅನ್ನೋ ದರ್ಶನ ಇದೆಯಾ? ಒಳ್ಳೇದು. ಕೆಲವರು ಮೊದಲು ಲೋಗೋ ಮಾಡಿಸ್ತಾರೆ, ಇನ್‌ಸ್ಟಾಗ್ರಾಂ ಪೇಜ್ ತೆರೀತಾರೆ. ಶಾಲೆ ಬರದಿದ್ರೆ ಅದರಿಂದ ಯಾವ ಮಗುವಿಗೆ ಏನು ಸಿಕ್ತು? ಶನಿವಾರ ಸಂಜೆ ಇಬ್ಬರು ಮಕ್ಕಳಿಗೆ ಓದೋಕೆ ಕಲಿಸಿ. ಶಾಲೆ ಬರಲಿ ಬಿಡಲಿ, ಆ ಇಬ್ಬರು ಓದ್ತಾರೆ.

ನಮ್ಮ ನಾಡಲ್ಲೇ ಒಂದು ಉದಾಹರಣೆ ಇದೆ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ ಇಲ್ಲಿಗೆ ಬಂದದ್ದು 1853ರಲ್ಲಿ. ಸುಮಾರು 70,000 ಪದಗಳ ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಅದಕ್ಕೆ ಎಷ್ಟೋ ಮೊದಲೇ, 1872ರಲ್ಲಿ, ಕೇಶಿರಾಜನ ಹಳೆಗನ್ನಡ ವ್ಯಾಕರಣ ‘ಶಬ್ದಮಣಿದರ್ಪಣ’ವನ್ನ ಸಂಪಾದಿಸಿ ಹೊರತಂದಿದ್ರು. ನಿಘಂಟು ಮುಗಿಯದೇ ಹೋಗಿದ್ರೂ ಆ ಪುಸ್ತಕ ಓದುಗರ ಕೈಯಲ್ಲಿ ಇರ್ತಿತ್ತು, ಅಲ್ವಾ?

ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಕು ಅಂತ ಯೇಸುಸ್ವಾಮಿಯೇ ಹೇಳಿದ್ದಾರಲ್ಲ ಬ್ರದರ್, ಅಂತ ಯಾರಾದರೂ ಕೇಳಬಹುದು. ನ್ಯಾಯವಾದ ಮಾತು. ಲೆಕ್ಕ ಹಾಕಿ, ಸಾಲ ಮಾಡಿ ಧುಮುಕಬೇಡಿ. ಆದರೆ ಇಬ್ಬರು ಮಕ್ಕಳಿಗೆ ಓದಿಸೋಕೆ ಲೆಕ್ಕ ಎಷ್ಟು ದಿನ ಬೇಕು?

ಅಸ್ತಿವಾರ ಹಾಕಿದ ದಿನ ಯೌವನಸ್ಥರು ಸಂತೋಷದಿಂದ ಕೂಗುತ್ತಿದ್ದಾಗ, ಮೊದಲಿನ ಆಲಯವನ್ನ ಕಂಡಿದ್ದ ಹಿರಿಯರು ಗಟ್ಟಿಯಾಗಿ ಅತ್ತರು. ಆ ಅಳುವನ್ನ ನಾನು ತಪ್ಪು ಅನ್ನಲ್ಲ, ಅವರು ಕಳಕೊಂಡಿದ್ದರು. ನಮ್ಮ ಕಥೆ ಬೇರೆ. ಹೋಲಿಸಿ ಅಳೋಕೆ ನಮಗೆ ಹಳೇ ಆಲಯ ಬೇಕಿಲ್ಲ, ಫೋನ್ ಸಾಕು. ಅದನ್ನ ಈಗ ಜೇಬಲ್ಲಿಡಿ. ನಿಮ್ಮ ಇಬ್ಬರು ಯಾರು ಅಂತ ಕರ್ತನನ್ನ ಕೇಳಿ. ಎದ್ದು ನಿಲ್ಲೋಣ, ಪ್ರಾರ್ಥಿಸೋಣ.