ನೋಡುತ್ತಾ ನಿಂತವನ ಲೆಕ್ಕ

ಅಪೊಸ್ತಲರ ಕೃತ್ಯಗಳು 22:20 ತೆರೆಯಿರಿ.

ಸ್ತೆಫನನ ಮೇಲೆ ಕಲ್ಲು ಬೀಳುವಾಗ ಸೌಲನು ಏನು ಮಾಡ್ತಿದ್ದ? ಹೊಡೆಯುವವರ ಬಟ್ಟೆ ಕಾಯ್ತಾ ನಿಂತಿದ್ದ. ಅವನು ಕಲ್ಲೆಸೆದನೆಂದು ವಾಕ್ಯ ಹೇಳೋದಿಲ್ಲ. ಆದರೂ ರಕ್ಷಣೆ ಹೊಂದಿದ ಮೇಲೆ, ದೇವಾಲಯದಲ್ಲಿ ಪ್ರಾರ್ಥಿಸುವಾಗ, ಆ ರಕ್ತಕ್ಕೆ ತಾನೂ ಒಪ್ಪಿ ನಿಂತಿದ್ದೆನೆಂದು ಕರ್ತನ ಮುಂದೆ ಹೇಳ್ತಾನೆ. ಬರೀ ನೋಡ್ತಿದ್ದೆ ಅನ್ನೋ ನೆಪ ಅವನ ಬಾಯಲ್ಲಿ ಬರಲಿಲ್ಲ.

2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಿಕ್ ಬಾಕ್ಸಿಂಗ್ ಪಂದ್ಯ ನಡೆಯಿತು. ಮೈಸೂರಿನ ಹುಡುಗ, 23 ವರ್ಷ. ಎದುರಾಳಿಯ ಏಟಿಗೆ ರಿಂಗಿನಲ್ಲೇ ಬಿದ್ದ; ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನು ಬೀಳುವ ವಿಡಿಯೋ ಮೊಬೈಲಿಂದ ಮೊಬೈಲಿಗೆ ಓಡಿತು. ಹೊಡೆದವನಿಗೆ ಕೊಲ್ಲುವ ಮನಸ್ಸಿತ್ತು ಅಂತ ನಾನು ಹೇಳೋದಿಲ್ಲ; ತಲೆಗೆ ಹೊಡೆಯಲು ಆ ಆಟದಲ್ಲಿ ಅನುಮತಿ ಇದೆ. ಆದರೆ ಆ ವಿಡಿಯೋವನ್ನು ಎರಡನೇ ಸಲ ನೋಡಿದವರಿಗೆ ಏನು ಬೇಕಿತ್ತು?

ನಮ್ಮ ದಾವಣಗೆರೆ ಕುಸ್ತಿಯ ಊರು. ಅಖಾಡದಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿಸಿದರೆ ಗೆಲುವು. ಅಲ್ಲೂ ಪೆಟ್ಟಾಗುತ್ತೆ, ಆದರೆ ಪೆಟ್ಟು ಮಾಡೋದೇ ಗುರಿಯಲ್ಲ. ಬಾಕ್ಸಿಂಗಿನಲ್ಲಿ ಏಟು ತಿಂದವನು ಹತ್ತು ಎಣಿಸುವುದರೊಳಗೆ ಏಳದಿದ್ದರೆ ನಾಕೌಟ್. ಜನ ಕುರ್ಚಿ ಬಿಟ್ಟೆದ್ದು ಕೂಗೋದು ಆ ಗಳಿಗೆಗೇ.

"ಪಾಸ್ಟರೇ, ಪೌಲನೇ ಬಾಕ್ಸಿಂಗ್ ಬಗ್ಗೆ ಬರೆದಿದ್ದಾನಲ್ಲ?" ಅಂತ ಯೌವನಸ್ಥರು ಕೇಳಬಹುದು. ಹೌದು, 1 ಕೊರಿಂಥ 9:26. ಕೊರಿಂಥದ ಹತ್ತಿರ ಎರಡು ವರ್ಷಕ್ಕೊಮ್ಮೆ ಕ್ರೀಡೆಗಳು ನಡೀತಿದ್ದವು, ಅಲ್ಲಿ ಮುಷ್ಟಿಕಾಳಗವೂ ಇತ್ತು. ಆದ್ದರಿಂದ ಆ ಜನರಿಗೆ ಅರ್ಥವಾಗುವ ಮಾತಲ್ಲೇ ಬರೆದ. ಆದರೆ ಮುಂದಿನ ವಚನ ನೋಡಿ, ಅವನು ದಂಡಿಸೋದು ಯಾರ ಮೈ? ತನ್ನದೇ ಮೈ! ಹಲ್ಲೆಲೂಯ! ಆಟಗಾರನ ಶಿಸ್ತನ್ನು ತಗೊಂಡ, ಗುಂಪಿನ ಹಸಿವನ್ನು ತಗೊಳ್ಳಲಿಲ್ಲ.

ಪ್ರಿಯರೇ, ಈ ಹಸಿವು ಬೆಂಗಳೂರಿನಲ್ಲಿ ಮಾತ್ರ ಇಲ್ಲ. ನಮ್ಮ ಎಸ್.ಎಸ್. ಬಡಾವಣೆಯಲ್ಲೇ ನಾಳೆ ಇಬ್ಬರು ಹುಡುಗರು ಹೊಡೆದಾಡಿದರೆ ನಿಮ್ಮ ಕೈ ಎಲ್ಲಿಗೆ ಹೋಗುತ್ತೆ? ಬಿಡಿಸೋಕಾ, ಜೇಬಿನ ಮೊಬೈಲಿಗಾ? ಅಂಥ ವಿಡಿಯೋ ಬಂದರೆ ಮುಂದಕ್ಕೆ ಕಳಿಸಬೇಡಿ. ಬಿದ್ದವನಿಗೋಸ್ಕರ, ಹೊಡೆದವನಿಗೋಸ್ಕರವೂ ಮೊಣಕಾಲೂರಿ. ನೀನು ಯಾರ ಬಟ್ಟೆ ಕಾಯ್ತಾ ನಿಂತಿದ್ದೀ ಅಂತ ಪವಿತ್ರಾತ್ಮನು ಇವತ್ತು ಕೇಳ್ತಿದ್ದಾನೆ.

ಕಣ್ಣು ಮುಚ್ಚಿ ಪ್ರಾರ್ಥಿಸೋಣ. ಕರ್ತನೇ, ನಮ್ಮ ಕಣ್ಣುಗಳನ್ನು ಶುದ್ಧಮಾಡು. ಆಮೆನ್.