ಬಾಗಿದ ಬೆನ್ನಿಗೆ ಬೇಕಾದ ಮದ್ದು



‘ಸೊಂಟನೋವಿನಿಂದ ಯಾರೂ ಸಾಯುವುದಿಲ್ಲ’ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಮಾತು ಬಹುಮಟ್ಟಿಗೆ ನಿಜ. ಆದರೆ ಕೊಲ್ಲದ ನೋವಿನ ವಿಷಯದಲ್ಲಿ ನಾವು ಬಹುಬೇಗ ನಿಶ್ಚಿಂತರಾಗಿಬಿಡುತ್ತೇವೆ. 2020ರಲ್ಲಿ ಜಗತ್ತಿನ ಸುಮಾರು 62 ಕೋಟಿ ಜನರು ಸೊಂಟನೋವಿನಿಂದ ಬಳಲುತ್ತಿದ್ದರೆಂದು ಅಂದಾಜು. ದುಡಿಯುವ ಶಕ್ತಿಯನ್ನು ಕುಂದಿಸುವ ಕಾಯಿಲೆಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಕಪಿಲೆಯ ದಂಡೆಯ ಸುತ್ತೂರಿನ ಕಡೆಗೆ ನಾಟಿಯ ಕಾಲದಲ್ಲಿ ಹೋಗಿ ನೋಡಿ. ನಂಜನಗೂಡು, ಟಿ. ನರಸೀಪುರ ತಾಲ್ಲೂಕುಗಳ ಗದ್ದೆಬಯಲಿನಲ್ಲಿ ಹೆಂಗಸರು ಕೆಸರಿನಲ್ಲಿ ಸಾಲಾಗಿ ನಿಂತು, ಸೊಂಟ ಬಗ್ಗಿಸಿ, ಪೈರು ಊರುತ್ತಾ ಹಿಂದಕ್ಕೆ ಹೆಜ್ಜೆ ಇಡುತ್ತಿರುತ್ತಾರೆ. ನಾಟಿ ಮುಗಿದರೆ ಕಳೆ, ಕಳೆ ಮುಗಿದರೆ ಕೊಯ್ಲು. ಎಲ್ಲವೂ ಬಗ್ಗಿಯೇ ಮಾಡುವ ಕೆಲಸ. ಮನೆಗೆ ಬಂದರೆ ಒಲೆ, ಕೊಡ, ಕೊಟ್ಟಿಗೆ. ನಮ್ಮ ತಟ್ಟೆಯ ಅನ್ನ ಹೀಗೆ ಬಾಗಿದ ಬೆನ್ನುಗಳ ಮೇಲಿಂದ ಬಂದದ್ದು. ಆ ಬೆನ್ನು ನೊಂದಾಗ ಅದಕ್ಕೆ ಮದ್ದು ಮಾಡಬೇಕಾದವರು ಯಾರು?

ಮೂರು ತಿಂಗಳು ಮೀರಿದ ನೋವನ್ನು ವೈದ್ಯರು ದೀರ್ಘಕಾಲದ ನೋವೆನ್ನುತ್ತಾರೆ. ಅಂಥವರಲ್ಲಿ ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆಯ ಅಗತ್ಯವೇ ಬೀಳುವುದಿಲ್ಲ. ಮಲಮೂತ್ರದ ಹಿಡಿತ ತಪ್ಪುವುದು, ತೊಡೆಗಳ ಸಂದಿನಲ್ಲಿ ಸ್ಪರ್ಶವೇ ತಿಳಿಯದಂತಾಗುವುದು, ಕಾಲು ಬಲ ಕಳೆದುಕೊಳ್ಳುವುದು, ಜ್ವರ, ಕಾರಣವಿಲ್ಲದೆ ಸೊರಗುವುದು, ಬಿದ್ದು ಪೆಟ್ಟಾಗುವುದು, ಹಿಂದೆ ಕ್ಯಾನ್ಸರ್ ಬಂದಿರುವುದು, ಇವುಗಳಲ್ಲಿ ಒಂದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಿಕ್ಕವರಿಗೆ ದಾರಿ ಬೇರೆ.

2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ದಾರಿಯನ್ನು ಕುರಿತು ಮಾರ್ಗಸೂಚಿ ಹೊರಡಿಸಿತು. ನೋವಿನ ಸ್ವರೂಪವನ್ನು ರೋಗಿಗೆ ತಿಳಿಯಹೇಳುವುದು, ಕ್ರಮಬದ್ಧ ವ್ಯಾಯಾಮ, ನುರಿತ ಕೈಗಳಿಂದ ಬೆನ್ನು ನೀವಿಸುವುದು, ನೋವಿನ ಭಯವನ್ನು ಕಳೆಯುವ ಮನೋಚಿಕಿತ್ಸೆ, ವೈದ್ಯರ ಸಲಹೆಯಂತೆ ಕೆಲಕಾಲ ಉರಿಯೂತ ತಗ್ಗಿಸುವ ಮಾತ್ರೆ, ಇವು ಅದು ಒಪ್ಪಿದ ಉಪಾಯಗಳು. ಸೊಂಟದ ಬೆಲ್ಟು, ಎಳೆದು ಕಟ್ಟುವ ಟ್ರಾಕ್ಷನ್, ಅಫೀಮಿನ ವರ್ಗದ ನೋವುನಿವಾರಕಗಳು ವಾಡಿಕೆಯ ಚಿಕಿತ್ಸೆಗೆ ತಕ್ಕವಲ್ಲವೆಂದು ಅದು ಹೇಳಿತು. ನಡಿಗೆಯ ಬೆಲೆಯೂ ಈಗ ಹೆಚ್ಚು ಸ್ಪಷ್ಟವಾಗಿದೆ. ಆಸ್ಟ್ರೇಲಿಯದಲ್ಲಿ ನೋವಿನಿಂದ ಆಗತಾನೇ ಚೇತರಿಸಿಕೊಂಡ 701 ಜನರನ್ನು ಪರೀಕ್ಷಿಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಫಿಸಿಯೋಥೆರಪಿ ತಜ್ಞರ ಮಾರ್ಗದರ್ಶನದಲ್ಲಿ ನಡೆದವರ ಗುಂಪಿನಲ್ಲಿ ನೋವು ಮರಳಲು ಹಿಡಿದ ಮಧ್ಯಕ ಅವಧಿ 208 ದಿನ. ಮಿಕ್ಕವರ ಗುಂಪಿನಲ್ಲಿ 112 ದಿನ.

ಚಿತ್ರ ತೆಗೆಸುವ ವಿಷಯದಲ್ಲೂ ಎಚ್ಚರ ಬೇಕು. ಬೆನ್ನುನೋವೇ ಇಲ್ಲದ 3,110 ಜನರ ಬೆನ್ನಿನ ಚಿತ್ರಗಳನ್ನು ಕುರಿತ ಅಧ್ಯಯನಗಳ ಸಮೀಕ್ಷೆಯೊಂದು 2015ರಲ್ಲಿ ಬಂತು. ಇಪ್ಪತ್ತರ ವಯಸ್ಸಿನವರಲ್ಲಿ ನೂರಕ್ಕೆ 37, ಎಂಬತ್ತರವರಲ್ಲಿ ನೂರಕ್ಕೆ 96 ಜನರ ಡಿಸ್ಕುಗಳಲ್ಲಿ ಸವೆತದ ಗುರುತಿತ್ತು. ಸವೆತ ಬಹುಮಟ್ಟಿಗೆ ತಲೆಯ ನರೆಯಂತೆ, ವಯಸ್ಸಿನ ಗುರುತು. ‘ನಿನ್ನ ಬೆನ್ನು ಹಾಳಾಗಿಹೋಗಿದೆ’ ಎಂಬ ಒಂದು ಮಾತು ರೋಗಿಯನ್ನು ಹಾಸಿಗೆಗೆ ಕಟ್ಟಿಹಾಕಬಲ್ಲದು. ಅವಳಿಗೆ ಸತ್ಯವನ್ನು ಅಳತೆ ತಪ್ಪದೆ ಹೇಳುವುದೂ ಚಿಕಿತ್ಸೆಯೇ.

ಇಲ್ಲಿಂದ ಮುಂದೆ ಪ್ರಶ್ನೆ ಕಠಿಣವಾಗುತ್ತದೆ. ಶಸ್ತ್ರಚಿಕಿತ್ಸೆ ಹಣ ಕೇಳುತ್ತದೆ. ಶಸ್ತ್ರವಿಲ್ಲದ ಈ ಚಿಕಿತ್ಸೆ ಕೇಳುವುದು ಕಾಲವನ್ನು: ವಾರಗಟ್ಟಲೆ, ತಿಂಗಳುಗಟ್ಟಲೆ ದಿನಕ್ಕಿಷ್ಟು ಹೊತ್ತು. ಫಲವೂ ಒಮ್ಮೆಲೇ ಬಾರದು. ನೋವು ಪೂರ್ತಿ ಹೋಗದೆ ಬದುಕು ಹಗುರವಾದರೆ ಅದೇ ಗೆಲುವು. ಸುತ್ತೂರು ಮಠದ ಆಶ್ರಯದಲ್ಲಿ 1954ರಲ್ಲಿ ಸ್ಥಾಪಿತವಾದ ಜೆ.ಎಸ್.ಎಸ್. ಮಹಾವಿದ್ಯಾಪೀಠವು ಮೈಸೂರಿನಲ್ಲಿ ಆಸ್ಪತ್ರೆಯನ್ನೂ ಫಿಸಿಯೋಥೆರಪಿ ಕಾಲೇಜನ್ನೂ ನಡೆಸುತ್ತಿದೆ. ಅದೇ ನಗರದಲ್ಲಿ 1906ರಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಿದೆ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣವನ್ನು ಉಚಿತಗೊಳಿಸಿತು. ಆದರೆ ಬಸ್ಸಿನ ಟಿಕೆಟ್ಟು ಉಚಿತವಾದರೂ ಆ ದಿನದ ಕೂಲಿ ಹೋಗುತ್ತದೆ. ಅದನ್ನು ತುಂಬಿಕೊಡುವವರಾರು?

‘ಅವಳು ದಿನವಿಡೀ ದುಡಿಯುತ್ತಾಳೆ, ಅದೇ ವ್ಯಾಯಾಮವಲ್ಲವೇ?’ ಎಂದು ನೀವು ಕೇಳಬಹುದು. ಅಲ್ಲ. ವ್ಯಾಯಾಮದಲ್ಲಿ ದೇಹದ ಶಕ್ತಿಗೆ ತಕ್ಕಂತೆ ಹೊರೆಯನ್ನು ಮೆಲ್ಲಮೆಲ್ಲನೆ ಏರಿಸುತ್ತಾರೆ, ನಡುವೆ ಬಿಡುವು ಕೊಡುತ್ತಾರೆ. ಕೂಲಿಯ ಕೆಲಸ ದೇಹವನ್ನು ಕೇಳಿ ನಡೆಯುವುದಿಲ್ಲ. ಒಂದೇ ಭಂಗಿ, ಸಂಜೆಯವರೆಗೆ, ನಿಲ್ಲಿಸಿದರೆ ಕೂಲಿಯಿಲ್ಲ. ‘ನಿನ್ನ ದೇಹ ನಿನ್ನ ಹೊಣೆ’ ಎಂಬುದು ಬಿಡುವು ಉಳ್ಳವರಿಗೆ ಒಪ್ಪುವ ಮಾತು. ಬಿಡುವೇ ಇಲ್ಲದವಳಿಗೆ ಅದನ್ನು ಹೇಳಿದರೆ ಉಪದೇಶವೂ ಮತ್ತೊಂದು ಹೊರೆಯಾದೀತು.

ಹದಿನೆಂಟು ವರ್ಷ ಬೆನ್ನು ಬಾಗಿದ್ದ ಸ್ತ್ರೀಯ ವೃತ್ತಾಂತ ಲೂಕನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿದೆ. ಆಕೆ ಏನನ್ನೂ ಬೇಡಿದ್ದು ಅಲ್ಲಿ ಕಾಣುವುದಿಲ್ಲ. ಪ್ರಭುವೇ ಕಂಡು ಹತ್ತಿರ ಕರೆದರು. ಪ್ರಾರ್ಥನಾಮಂದಿರದ ಮುಖ್ಯಸ್ಥನಾದರೋ ಬೇರೆ ದಿನ ಬರಬಹುದಿತ್ತಲ್ಲ ಎಂದು ಜನರನ್ನು ಗದರಿಸಿದ. ಬಾಗಿದ ಬೆನ್ನಿಗೆ ‘ಇನ್ನೊಂದು ದಿನ’ ಎನ್ನುವವರು ಅಂದೂ ಇದ್ದರು, ಇಂದೂ ಇದ್ದಾರೆ. ಬಹುಪಾಲು ಅವರು ಕೆಟ್ಟವರಲ್ಲ, ಕಾಣದವರು.

ಆದ್ದರಿಂದ, ಓದುಗರೇ, ಮದ್ದಿನ ಅರ್ಧಭಾಗ ನಮ್ಮಲ್ಲೂ ಇದೆ. ನಿಮ್ಮ ಮನೆಯಲ್ಲಿ ಸೊಂಟ ಹಿಡಿದುಕೊಂಡು ಏಳುವವರಿದ್ದರೆ ನೀರಿನ ಕೊಡವನ್ನು ಮತ್ತೊಬ್ಬರು ಎತ್ತಲಿ; ಅರ್ಧ ಗಂಟೆ ಅವರೊಡನೆ ನಡೆಯಿರಿ. ನೀವು ಆಳುಗಳನ್ನು ಇಟ್ಟು ಕೆಲಸ ಮಾಡಿಸುವವರಾದರೆ ನಡುನಡುವೆ ಬೆನ್ನು ನೆಟ್ಟಗಾಗಿಸಲು ಹೊತ್ತು ಕೊಡಿ, ಕೆಲಸಗಳನ್ನು ಸರದಿಯಲ್ಲಿ ಬದಲಿಸಿ, ಚಿಕಿತ್ಸೆಗೆ ಹೋದ ದಿನದ ಕೂಲಿ ಹಿಡಿಯಬೇಡಿ. ವೈದ್ಯರು ವ್ಯಾಯಾಮವನ್ನು ಚೀಟಿಯಲ್ಲಿ ಬರೆದುಕೊಡಬಲ್ಲರು. ಅದನ್ನು ಮಾಡಲು ಬೇಕಾದ ಬಿಡುವನ್ನು ಬರೆದುಕೊಡಲಾರರು. ಅದನ್ನು ಕೊಡಬೇಕಾದವರು ಜೊತೆಯಲ್ಲಿ ಉಣ್ಣುವವರು, ದುಡಿಸಿಕೊಳ್ಳುವವರು.