ಕೀಟೋಸಿಸ್ ಪ್ರವೃತ್ತಿಯ ಮಧುಮೇಹ: ಒಂದು ಮೀಮಾಂಸೆ

ವಿಷಯ

ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ಫ್ಲಾಟ್‌ಬುಷ್ ಎಂಬ ಬಡಾವಣೆಯಿದೆ. ಆಫ್ರಿಕನ್-ಅಮೆರಿಕನ್ನರೂ ಕೆರಿಬಿಯನ್ ದ್ವೀಪಗಳಿಂದ ಬಂದವರೂ ಅಲ್ಲಿ ಬಹಳ. ಮೇರಿ ಆನ್ ಬ್ಯಾನರ್ಜಿ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಕೀಟೋಸಿಸ್ ಪ್ರವೃತ್ತಿಯ ಮಧುಮೇಹಕ್ಕೆ 'ಫ್ಲಾಟ್‌ಬುಷ್ ಡಯಾಬಿಟಿಸ್' ಎಂಬ ಹೆಸರು ವೈದ್ಯಲೋಕದಲ್ಲಿ ನಿಂತಿತು.

ರೋಗಿ ಸಾಮಾನ್ಯವಾಗಿ ನಡುವಯಸ್ಸಿನವರು. ಮೈತೂಕ ಹೆಚ್ಚು, ಮನೆತನದಲ್ಲಿ ಸಕ್ಕರೆ ಕಾಯಿಲೆ ಇರುತ್ತದೆ. ಕೆಲವು ವಾರ ತೀರದ ಬಾಯಾರಿಕೆ, ಪದೇಪದೇ ಮೂತ್ರ, ಇದ್ದಕ್ಕಿದ್ದಂತೆ ತೂಕ ಇಳಿತ. ಕೊನೆಗೆ ವಾಂತಿ, ಆಳವಾದ ಏದುಸಿರು, ಉಸಿರಿನಲ್ಲಿ ಹಣ್ಣಿನಂಥ ವಾಸನೆ. ರಕ್ತದ ಪಿಎಚ್ 7.3ಕ್ಕಿಂತ ಕೆಳಗೆ, ಕೀಟೋನ್ ವಿಪರೀತ ಮೇಲೆ. ಇದೇ ಕೀಟೋಅಸಿಡೋಸಿಸ್, ಡ್ರಿಪ್ ಮತ್ತು ಇನ್ಸುಲಿನ್ ತಡವಾದರೆ ಜೀವಕ್ಕೇ ಅಪಾಯ. ಆದರೆ ಚಿಕಿತ್ಸೆಯಾದ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಇಂಥವರಲ್ಲಿ ಅನೇಕರಿಗೆ ಇನ್ಸುಲಿನ್ ಬೇಕಾಗುವುದೇ ಇಲ್ಲ.

ಸಂಶಯ

ಇದು ಟೈಪ್ ಒಂದೋ, ಟೈಪ್ ಎರಡೋ, ಎರಡಕ್ಕೂ ಸೇರದ ಇನ್ನೊಂದೋ?

ಪೂರ್ವಪಕ್ಷ

ಕೊಬ್ಬು ಕರಗಿ ಕೀಟೋನ್ ಆಗುವುದನ್ನು ತಡೆಯಲು ಸ್ವಲ್ಪ ಇನ್ಸುಲಿನ್ ಇದ್ದರೂ ಸಾಕು. ಸೋಂಕಿನಂಥ ಕಾರಣವಿಲ್ಲದೆ ಕೀಟೋಅಸಿಡೋಸಿಸ್ ಆಯಿತೆಂದರೆ ಆ ಸ್ವಲ್ಪವೂ ಇಲ್ಲ, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ನಾಶವಾಗಿವೆ ಎಂದರ್ಥ. ಆದ್ದರಿಂದ ಇದು ಟೈಪ್ 1. ಇನ್ಸುಲಿನ್ ಜೀವನಪೂರ್ತಿ ಬೇಕು.

ಸಿದ್ಧಾಂತ

ಮೊದಲ ಮಾತು ಸರಿ, ತೀರ್ಮಾನ ಸರಿಯಲ್ಲ. ಅಂದು ಇನ್ಸುಲಿನ್ ಸಾಲದಾಗಿತ್ತು, ನಿಜ. ಏಕೆ ಎಂಬುದು ಬೇರೆ ಪ್ರಶ್ನೆ. ಟೈಪ್ 1ರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಬೀಟಾ ಕೋಶಗಳನ್ನು ಕೊಲ್ಲುತ್ತದೆ. ಇಲ್ಲಿ ಕೋಶಗಳು ಬದುಕಿವೆ. ಏರಿ ನಿಂತ ಸಕ್ಕರೆಯ ವಿಷಭಾರಕ್ಕೆ ಕೆಲಸ ನಿಲ್ಲಿಸಿವೆ. ಸಕ್ಕರೆ ಹತೋಟಿಗೆ ಬಂದರೆ ಚೇತರಿಸಿಕೊಳ್ಳುತ್ತವೆ.

ಇದನ್ನು ತಿಳಿಯಲು ಎರಡು ಪರೀಕ್ಷೆ ಬೇಕು. ಒಂದು, ಆ ರೋಗನಿರೋಧಕ ದಾಳಿಯ ಗುರುತಾದ ಜಿಎಡಿ ಮೊದಲಾದ ಪ್ರತಿಕಾಯಗಳು ಇವೆಯೇ? ಎರಡು, ಸಿ-ಪೆಪ್ಟೈಡ್ ಎಷ್ಟಿದೆ? ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುವಾಗ ಇದನ್ನೂ ಸಮಪ್ರಮಾಣದಲ್ಲಿ ಬಿಡುತ್ತದೆ. ಚುಚ್ಚುಮದ್ದಿನ ಇನ್ಸುಲಿನ್‌ನಲ್ಲಿ ಇದು ಇರುವುದಿಲ್ಲ. ಹಾಗಾಗಿ ಸ್ವಂತ ಉತ್ಪಾದನೆಗೆ ಇದೇ ಸಾಕ್ಷಿ. ಹ್ಯೂಸ್ಟನ್ನಿನ ಅಶೋಕ್ ಬಾಲಸುಬ್ರಮಣ್ಯಂ ಅವರ ತಂಡ ಈ ಎರಡರ ಮೇಲೆಯೇ ರೋಗಿಗಳನ್ನು ನಾಲ್ಕು ಗುಂಪು ಮಾಡಿತು. ಪ್ರತಿಕಾಯವಿಲ್ಲದೆ ಬೀಟಾ ಕೋಶದ ಶಕ್ತಿ ಉಳಿದಿರುವ ಗುಂಪೇ ಅಲ್ಲಿ ದೊಡ್ಡದು. ಸಿ-ಪೆಪ್ಟೈಡನ್ನು ತುರ್ತು ಘಟಕದಲ್ಲೇ ಅಳೆದು ತೀರ್ಪು ಕೊಡಬಾರದು. ಸಕ್ಕರೆ ಇಳಿದು ಕೆಲವು ವಾರವಾದ ಮೇಲೆ ಅಳೆಯಬೇಕು.

ಆಕ್ಷೇಪ, ಸಮಾಧಾನ

'ಹಾಗಾದರೆ ಇದು ಬರಿಯ ಟೈಪ್ 2, ಬೇರೆ ಹೆಸರೇಕೆ?' ಸಾಮಾನ್ಯ ಟೈಪ್ 2 ಕಾರಣವಿಲ್ಲದೆ ಹೀಗೆ ಕುಸಿಯುವುದು ಅಪರೂಪ. 2019ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಇದನ್ನು ಕೀಟೋಸಿಸ್ ಪ್ರವೃತ್ತಿಯ ಟೈಪ್ 2 ಎಂದು ಕರೆದು, ಮಿಶ್ರ ರೂಪಗಳಲ್ಲಿ ಸೇರಿಸಿದೆ. ಹೆಸರು ಮುಂದಿನ ಎಚ್ಚರಕ್ಕೂ ಬೇಕು: ಸಕ್ಕರೆ ಮತ್ತೆ ಏರಿದರೆ ಕೀಟೋನ್ ಮರುಕಳಿಸಬಹುದು. ಕೀಟೋಅಸಿಡೋಸಿಸ್ ತರಬಲ್ಲ ಎಸ್‌ಜಿಎಲ್‌ಟಿ2 ತಡೆಯುವ ವರ್ಗದ ಸಕ್ಕರೆ ಮಾತ್ರೆಗಳನ್ನು ಇವರಿಗೆ ಕೊಡುವ ಮೊದಲು ಯೋಚಿಸಲೇಬೇಕು.

'ಇದು ಕಪ್ಪುಜನರ ಕಾಯಿಲೆಯಲ್ಲವೇ?' ಹೆಚ್ಚಾಗಿ ಗುರುತಿಸಿದ್ದು ಅವರಲ್ಲಿ. ಆದರೆ ಹಿಸ್ಪಾನಿಕ್, ಚೀನೀ, ಭಾರತೀಯ ರೋಗಿಗಳಲ್ಲೂ ಕಂಡಿದೆ. ದಕ್ಷಿಣ ಭಾರತದ ವೈದ್ಯರಿಗಂತೂ ಇದರ ವಿಪರೀತವೂ ಗೊತ್ತು. ಕೇರಳದಲ್ಲಿ ಮೇದೋಜೀರಕ ಕಲ್ಲುಗಟ್ಟಿದ ಸಣಕಲು ಯುವಕರಿಗೆ ಸಕ್ಕರೆ ಎಷ್ಟೇ ಏರಿದರೂ ಕೀಟೋಸಿಸ್ ವಿರಳ. ಮೈಕಟ್ಟು ನೋಡಿ ಟೈಪ್ ಹೇಳುವುದು ಎರಡು ಕಡೆಯೂ ಸೋಲುತ್ತದೆ.

'ಇನ್ಸುಲಿನ್ ಬಿಡಬಹುದೆಂದು ಹೇಳುವುದೇ ಅಪಾಯ.' ಇದು ಎಲ್ಲಕ್ಕಿಂತ ತೂಕದ ಆಕ್ಷೇಪ. ಟೈಪ್ 1 ಇದ್ದವರು ಬಿಟ್ಟರೆ ಸಾಯುತ್ತಾರೆ. ಆದ್ದರಿಂದಲೇ ಪರೀಕ್ಷೆಯಿಲ್ಲದೆ, ವೈದ್ಯರ ಕಣ್ಣಿಲ್ಲದೆ ಒಂದು ಯೂನಿಟ್ಟೂ ಇಳಿಸಬಾರದು. ಬಿಟ್ಟವರೂ ಗುಣವಾದವರಲ್ಲ; ಮೆಟ್‌ಫಾರ್ಮಿನ್‌ನಂಥ ಮಾತ್ರೆ, ತೂಕದ ಹತೋಟಿ, ಸಕ್ಕರೆ-ಕೀಟೋನ್ ತಪಾಸಣೆ ಮುಂದುವರಿಯಬೇಕು. ಆದರೆ ಬೇಡದ ಇನ್ಸುಲಿನ್‌ಗೂ ಬೆಲೆಯಿದೆ: ಲೋ ಶುಗರ್, ಹೆಚ್ಚುವ ತೂಕ, ತಿಂಗಳ ಖರ್ಚು.

ನಿರ್ಣಯ

ಕೀಟೋಅಸಿಡೋಸಿಸ್ ಅಂದಿನ ಚಿಕಿತ್ಸೆಯನ್ನು ನಿರ್ಧರಿಸುತ್ತದೆ, ಆಯುಷ್ಯದ ಚಿಕಿತ್ಸೆಯನ್ನಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಬರೆದ ಟೈಪ್ ಮಧ್ಯಂತರ ತೀರ್ಪು ಮಾತ್ರ. ಪ್ರತಿಕಾಯ ಮತ್ತು ಸಿ-ಪೆಪ್ಟೈಡ್ ನೋಡಿದ ಮೇಲೆ ಅದನ್ನು ಮತ್ತೆ ತೆರೆದು ನೋಡುವುದು ವೈದ್ಯರ ಕರ್ತವ್ಯ, ಕೇಳುವುದು ರೋಗಿಯ ಹಕ್ಕು.